ಉಳಿಸ್ಕೊಳ್ಳೋದಾ, ಕರೆಸ್ಕೊಳ್ಳೋದಾ? ಒಂದು ಹಳೇ ಜಗಳದ ಚರಿತ್ರೆ

ಭಾಗ 1/10: ಪೋಸ್ಟರಿನ ಕೊನೇ ಸಾಲು

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ಪೋಸ್ಟರ್ ನೋಡಿದ ಎಲ್ಲರಿಗೂ ಅದರ ಕೊನೇ ಸಾಲು ಬಾಯಿಪಾಠ. ಮೊದಲ ಬಹುಮಾನ ಇಷ್ಟು, ಎಂಟ್ರಿ ಫೀಸ್ ಇಷ್ಟು, ಮಧ್ಯಾಹ್ನ ಊಟ ಐತೆ, ಅಂಪೈರ್ ತೀರ್ಮಾನವೇ ಅಂತಿಮ. ಅದರ ಕೆಳಗೆ ದಪ್ಪಕ್ಷರದಲ್ಲಿ: ಹೊರಗಿನ ಆಟಗಾರರಿಗೆ ಅವಕಾಶವಿಲ್ಲ, ಆಧಾರ್ ಕಾರ್ಡ್ ಕಡ್ಡಾಯ.

ಇಷ್ಟು ಬರೆದಿದ್ರೂ ಫೈನಲ್ ದಿನ ರಾಯದುರ್ಗದ ಕಡೆಯಿಂದಲೋ ಬಳ್ಳಾರಿ ಕಡೆಯಿಂದಲೋ ಒಬ್ಬ ಬೌಲರ್ ಬಂದು ಬೈಕಿಂದ ಇಳೀತಾನೆ. "ಇವನು ನಮ್ಮ ಮಾವನ ಮಗ, ರಜೆಗೆ ಬಂದಿದಾನೆ" ಅಂತ ಒಂದು ಟೀಮು. "ನಿಮ್ಮ ಮಾವನಿಗೆ ಎಷ್ಟು ಜನ ಮಕ್ಕಳಪ್ಪಾ?" ಅಂತ ಇನ್ನೊಂದು ಟೀಮು. ಅರ್ಧ ಗಂಟೆ ಆಟ ನಿಲ್ಲುತ್ತೆ.

ಕಾಲೇಜಿಗೆ ಬಂದ್ರೆ ಇದೇ ಜಗಳ ಉಲ್ಟಾ. ಇಲ್ಲಿ ಯಾರೂ ಬರಲ್ಲ, ಎಲ್ಲ ಹೋಗೋರೇ. ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲಿ ಎರಡು ವರ್ಷ ನಮ್ಮ ಜೊತೆ ಬೆವರು ಸುರಿಸಿದ ಹುಡುಗ ಪಿಯು ಮುಗೀತಿದ್ದಂಗೆ ದೂರದ ಕಾಲೇಜಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಹೊರಟ. ಫೀಸ್ ಇಲ್ಲ, ಹಾಸ್ಟೆಲ್ ಫ್ರೀ, ಕೋಚ್ ಇದಾರೆ. ಕ್ಲಾಸ್ ಗ್ರೂಪಲ್ಲಿ ಕೆಲವರು "ಆಲ್ ದ ಬೆಸ್ಟ್ ಮಗಾ" ಅಂದ್ರು, ಕೆಲವರು "ಕೈ ಕೊಟ್ಟ ನೋಡು" ಅಂದ್ರು. ಆ ಎರಡನೇ ಮಾತು ನನ್ನ ತಲೆಯಲ್ಲೇ ಉಳೀತು.

ಟೀಮು ಕಟ್ಟೋದು ಅಂದ್ರೆ ಇರೋರನ್ನ ಉಳಿಸ್ಕೊಳ್ಳೋದಾ, ಹೊರಗಿಂದ ಒಳ್ಳೇರನ್ನ ಕರೆಸ್ಕೊಳ್ಳೋದಾ? ಬಿಟ್ಟು ಹೋದವನು ದ್ರೋಹಿನಾ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಎಂಬತ್ತು ವರ್ಷದ ಚರಿತ್ರೆ ಐತೆ. ಹತ್ತು ಕಂತು, ಹತ್ತು ಫೋಟೋ. ಅರ್ಧಕ್ಕೆ ನಿಲ್ಲಿಸಬೇಡಿ, ಮಜಾ ಇರೋದು ಮುಂದೆ.

ಭಾಗ 2/10: ಅಮೆರಿಕದ ಕಾಲೇಜುಗಳ ಸಂತೆ

ಈಗ ಈ ಜಗಳ ಅತಿ ಜೋರಾಗಿ ನಡೀತಿರೋದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ. ಅದನ್ನ ಮೊದಲು ತಿಳ್ಕೊಂಡ್ರೆ ನಮ್ಮ ಕಥೆ ಸಲೀಸಾಗಿ ಅರ್ಥ ಆಗುತ್ತೆ.

ಅಲ್ಲಿ ಹಿಂದೆಲ್ಲ ಆಟಗಾರ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ಭಯಕ್ಕೇ ಬಹಳ ಜನ ಇದ್ದಲ್ಲೇ ಇರ್ತಿದ್ರು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆಯ ಆಡಳಿತ ನೋಡೋ ಎನ್‌ಸಿಎಎ ಸಂಸ್ಥೆ ಒಂದು ಆನ್‌ಲೈನ್ ಪಟ್ಟಿ ತೆರೀತು. ಅದೇ ಟ್ರಾನ್ಸ್‌ಫರ್ ಪೋರ್ಟಲ್. ನಾನು ಕಾಲೇಜು ಬದಲಿಸ್ಬೇಕು ಅಂತ ಹೆಸರು ಹಾಕಿದ್ರೆ ಸಾಕು, ಬೇರೆ ಕೋಚ್‌ಗಳು ಫೋನ್ ಮಾಡಬಹುದು. 2021ರಲ್ಲಿ ಒಂದು ಸಲ ಕೂರದೇ ಬದಲಾಯಿಸೋಕೆ ಅವಕಾಶ ಬಂತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಪಡೆಯಬಹುದು ಅಂತಾಯ್ತು. 2024ರಲ್ಲಿ ಓದಿನಲ್ಲಿ ಸರಿಯಾಗಿದ್ರೆ ಎಷ್ಟು ಸಲ ಬೇಕಾದ್ರೂ ಬದಲಾಯಿಸಿ ಅಂದ್ರು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು.

ಎರಡು ಉದಾಹರಣೆ ನೋಡಿ. ಪರ್ಡ್ಯೂ ಅನ್ನೋ ವಿಶ್ವವಿದ್ಯಾಲಯ 2023ರಲ್ಲಿ ಅಗ್ರ ಶ್ರೇಯಾಂಕ ಇಟ್ಕೊಂಡು ಮೊದಲ ಸುತ್ತಿನಲ್ಲೇ ಸಣ್ಣ ಕಾಲೇಜೊಂದರ ಮುಂದೆ ಸೋತು ದೇಶದ ನಗೆಪಾಟಲಿಗೆ ಗುರಿಯಾಯ್ತು. ಅವರ ಏಳು ಅಡಿ ನಾಲ್ಕು ಇಂಚಿನ ಝಾಕ್ ಈಡಿ ಬಿಟ್ಟು ಹೋಗ್ಲಿಲ್ಲ, ಜೊತೆಗಿದ್ದ ಮುಖ್ಯ ಹುಡುಗರೂ ಉಳಿದ್ರು. ಮರುವರ್ಷ ಅದೇ ಟೀಮು ಫೈನಲ್ ಆಡಿತು. ಅಲ್ಲಿ ಸೋತ್ರು ಅನ್ನೋದು ಬೇರೆ ಮಾತು.

ಇನ್ನೊಂದು ಕಡೆ ಫ್ಲೋರಿಡಾ. 2025ರ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನ 65-63ರಿಂದ ಸೋಲಿಸಿದ ಆ ಟೀಮಿನ ಕ್ಲೇಟನ್, ಮಾರ್ಟಿನ್, ರಿಚರ್ಡ್ ಮೂವರೂ ಬೇರೆ ಕಾಲೇಜಿಂದ ಬಂದೋರು. ಅಲ್ಲಿಗೆ ಕರೆಸೋದೇ ಗೆಲ್ಲೋ ದಾರಿ ಅಂತೀರಾ? ತಡೀರಿ. ರಿಚರ್ಡ್ ಬಂದು ಆಗ ಮೂರನೇ ವರ್ಷ, ಕ್ಲೇಟನ್ ಬಂದು ಎರಡನೇ ವರ್ಷ. ಕರೆಸಿದ್ರು, ಆಮೇಲೆ ಉಳಿಸ್ಕೊಂಡ್ರು.

ಭಾಗ 3/10: ನಮ್ಮ ತಾಲ್ಲೂಕಿಗೆ ಬಂದ ಹೊರಗಿನವನು

ಈ ಫೋಟೋ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಯ ಬಂಡೆಯದ್ದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆಯೂ ಅಶೋಕನ ಶಾಸನ ಐತೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನ ಬೆಳಕಿಗೆ ತಂದ್ರು. ಶಾಸನ ಇರೋದು ಬ್ರಾಹ್ಮಿ ಲಿಪಿಯಲ್ಲಿ. ಆದ್ರೆ ಕೊನೆಯಲ್ಲಿ ಬರೆದವನ ಹೆಸರು ಐತೆ: ಚಪಡ. ಅವನು ತಾನು ಲಿಪಿಕಾರ ಅಂತ ಹೇಳ್ಕೊಳ್ಳೋ ಪದವನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದಾನೆ. ಖರೋಷ್ಠಿ ಬಳಕೆಯಲ್ಲಿ ಇದ್ದದ್ದು ಗಾಂಧಾರದ ಕಡೆ, ಈಗಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಅಲ್ಲಿಂದ ಬಂದವನೋ, ಅಲ್ಲಿ ಕಲಿತವನೋ ಇರಬೇಕು ಅಂತ ವಿದ್ವಾಂಸರ ಊಹೆ.

ಅಂದ್ರೆ ನಮ್ಮ ತಾಲ್ಲೂಕಿನಲ್ಲಿ ಹೆಸರು ಬಿಟ್ಟು ಹೋದ ಅತಿ ಹಳೇ ಮನುಷ್ಯರಲ್ಲಿ ಒಬ್ಬ ಹೊರಗಿನ ಕೆಲಸಗಾರ! ರಾಜನಿಗೆ ಕೆಲಸ ಆಗ್ಬೇಕಿತ್ತು, ಕೆಲಸ ಬಲ್ಲವನು ಬಂದ.

ಇಪ್ಪತ್ತನೇ ಶತಮಾನದಲ್ಲಿ ಇನ್ನೊಬ್ಬ ರಾಜರ ಮನೆತನಕ್ಕೆ ಕ್ರಿಕೆಟ್ ಹುಚ್ಚು ಹಿಡೀತು. ಇಂದೋರಿನ ಹೋಳ್ಕರರು. ನಾಗಪುರದಲ್ಲಿ ಹುಟ್ಟಿದ ಸಿ.ಕೆ. ನಾಯ್ಡು ಅವರನ್ನ ಕರೆಸಿ ತಮ್ಮ ಸೈನ್ಯದಲ್ಲಿ ಹುದ್ದೆ ಕೊಟ್ರು. 1932ರಲ್ಲಿ ಭಾರತದ ಮೊದಲ ಟೆಸ್ಟ್ ನಾಯಕ ಆದದ್ದು ಇದೇ ನಾಯ್ಡು. ಆಗ ಕ್ರಿಕೆಟ್ ಆಡಿ ಹೊಟ್ಟೆ ತುಂಬಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಹಂಗಾಗಿ ಸಂಬಳದ ನೌಕರಿ ಕೊಡೋ ಸಂಸ್ಥಾನದ ಕಡೆ ಆಟಗಾರರು ನಡೆದ್ರು. ಸಿ.ಟಿ. ಸರ್ವಟೆ, ಬಿ.ಬಿ. ನಿಂಬಾಳ್ಕರ್ ಬೇರೆ ಬೇರೆ ತಂಡಗಳಲ್ಲಿ ಆಡಿ ಹೋಳ್ಕರ್ ತಂಡಕ್ಕೆ ಬಂದ್ರು. ಎರಡನೇ ಮಹಾಯುದ್ಧದ ಸಮಯದಲ್ಲಿ ಇಂದೋರಿನ ಪಕ್ಕದ ಮೌ ದಂಡಿನಲ್ಲಿದ್ದ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್‌ನನ್ನೂ ಬಿಡ್ಲಿಲ್ಲ. 1944-45ರ ರಣಜಿ ಫೈನಲ್‌ನಲ್ಲಿ ಅವನು ಹೋಳ್ಕರ್ ಪರ ಔಟಾಗದೆ 249 ಹೊಡೆದ. ಆದ್ರೂ ಬಾಂಬೆ ಗೆದ್ದಿತು.

ಮರುವರ್ಷ ಆ ಹೋಳ್ಕರ್ ತಂಡದ ಎದುರು ನಿಂತದ್ದು ಯಾರು ಗೊತ್ತಾ? ನಮ್ಮವರೇ.

ಭಾಗ 4/10: 912

ಫೋಟೋದಲ್ಲಿ ನಾನು ನೋಟ್‌ಬುಕ್ಕಿನಲ್ಲಿ ಬರೆದ ಸ್ಕೋರ್‌ಕಾರ್ಡ್. ಝೂಮ್ ಮಾಡಿ ನೋಡಿ.

1945-46ರ ರಣಜಿ ಸೆಮಿಫೈನಲ್, ಇಂದೋರ್. ಹೋಳ್ಕರ್ ವಿರುದ್ಧ ಮೈಸೂರು. ಆಗಿನ್ನೂ ಕರ್ನಾಟಕ ಅನ್ನೋ ಹೆಸರಿನ ತಂಡ ಇಲ್ಲ, ಹಳೇ ಮೈಸೂರು ಸಂಸ್ಥಾನದ ತಂಡ. ನಮ್ಮ ಚಿತ್ರದುರ್ಗ ಜಿಲ್ಲೆ ಆ ಸಂಸ್ಥಾನದಲ್ಲೇ ಇದ್ದದ್ದರಿಂದ ಲೆಕ್ಕಕ್ಕೆ ಇದು ನಮ್ಮ ಟೀಮೇ. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 190ಕ್ಕೆ ಆಲೌಟ್.

ಹೋಳ್ಕರ್ ಬ್ಯಾಟಿಂಗ್: 8 ವಿಕೆಟ್‌ಗೆ 912, ಡಿಕ್ಲೇರ್. ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ಸಿ.ಕೆ. ನಾಯ್ಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಒಂದೇ ಇನಿಂಗ್ಸ್‌ನಲ್ಲಿ ಆರು ಶತಕ, ವಿಶ್ವದಾಖಲೆ. ಐವತ್ತು ವಯಸ್ಸು ಮುಟ್ಟಿದ ನಾಯ್ಡು ಕೂಡ ನೂರು ಹೊಡೆದಿದಾರೆ ಅಂದ್ರೆ ನಮ್ಮ ಬೌಲರ್‌ಗಳ ಪಾಡು ಊಹಿಸ್ಕೊಳ್ಳಿ.

ಆಮೇಲೆ ಆದದ್ದನ್ನ ಯಾರೂ ಹೇಳಲ್ಲ, ಅದಕ್ಕೇ ನಾನು ಹೇಳ್ತೀನಿ. 722 ರನ್ ಹಿಂದೆ ಬಿದ್ದ ಮೈಸೂರು ಎರಡನೇ ಇನಿಂಗ್ಸ್‌ನಲ್ಲಿ 6 ವಿಕೆಟ್‌ಗೆ 509 ಹೊಡೀತು. ಫೈನಲ್ ಕೈಬಿಟ್ಟು ಹೋಗಿತ್ತು. ಆದ್ರೂ ಮಲಗಲಿಲ್ಲ.

ಆ ವರ್ಷ ಹೋಳ್ಕರ್ ಚಾಂಪಿಯನ್. ಒಟ್ಟು ನಾಲ್ಕು ಸಲ ರಣಜಿ ಗೆದ್ರು. ಕರೆಸೋದರ ಶಕ್ತಿ ಏನು ಅಂತ ಯಾರಾದ್ರೂ ಕೇಳಿದ್ರೆ ಈ 912 ತೋರಿಸಿ. ದುಡ್ಡು, ನೌಕರಿ, ಗೌರವ ಮೂರೂ ಕೊಟ್ರೆ ಹತ್ತಾರು ಊರಿನ ಪ್ರತಿಭೆ ಒಂದೇ ಮೈದಾನಕ್ಕೆ ಬಂದು ನಿಲ್ಲುತ್ತೆ.

ಆದ್ರೆ ಹಂಗೆ ಕಟ್ಟಿದ ಟೀಮು ಕೊಟ್ಟವರ ಕೈಯಿಗೆ ಅಂಟಿಕೊಂಡಿರುತ್ತೆ. ಸಂಸ್ಥಾನಗಳು ಹೋದ್ವು. 1954-55ರಲ್ಲಿ ಹೋಳ್ಕರ್ ತಂಡ ಕೊನೇ ಫೈನಲ್ ಆಡಿ ಮದ್ರಾಸಿಗೆ ಸೋತಿತು. ಆಮೇಲೆ ಆ ಹೆಸರಿನ ತಂಡವೇ ಇಲ್ಲ. ಅದೇ ನೆಲದ ಮಧ್ಯಪ್ರದೇಶ ತಂಡ ಮೊದಲ ಸಲ ರಣಜಿ ಗೆದ್ದದ್ದು 2022ರ ಜೂನ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ.

ಭಾಗ 5/10: ಬಂದವನು ಏನು ಬಿಟ್ಟು ಹೋದ?

ಹಾಗಂತ ಹೋಳ್ಕರ್ ಕಥೆಯನ್ನ ದುಡ್ಡಿನ ಆಟ ಅಂತ ತಳ್ಳಿಹಾಕಬೇಡಿ. ಸಿ.ಕೆ. ನಾಯ್ಡು ಇಂದೋರಿಗೆ ಬಂದಾಗ ಅಲ್ಲೇ ಹುಟ್ಟಿ ಬೆಳೀತಿದ್ದ ಒಬ್ಬ ಹುಡುಗನ ಮೇಲೆ ಕಣ್ಣು ಬಿತ್ತು. ತಿದ್ದಿದ್ರು, ಜೊತೆಗೆ ಆಡಿಸಿದ್ರು. ಆ ಹುಡುಗ ಮುಷ್ತಾಕ್ ಅಲಿ. 1936ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 112 ಹೊಡೆದು, ವಿದೇಶದಲ್ಲಿ ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಆದ. ಈಗಿನ ದೇಶೀ ಟಿ20 ಟ್ರೋಫಿಗೆ ಇರೋದು ಅವನದೇ ಹೆಸರು. ಹೊರಗಿಂದ ಬಂದವನು ಊರಿನ ಹುಡುಗನನ್ನ ಬೆಳೆಸಿದ.

ಈಗ ರಾಜಸ್ಥಾನ ನೋಡಿ. ಅಲ್ಲೂ ರಾಜಮನೆತನದ ಆಸರೆ. ವಿನೂ ಮಂಕಡ್, ವಿಜಯ್ ಮಂಜ್ರೇಕರ್, ಸಲೀಂ ದುರಾನಿ, ಒಬ್ಬರಿಗಿಂತ ಒಬ್ಬರು ದೊಡ್ಡ ಹೆಸರು. 1960-61ರಿಂದ 1973-74ರ ಒಳಗೆ ಎಂಟು ಸಲ ಫೈನಲ್‌ಗೆ ಬಂದ್ರು. ಎಂಟೂ ಸೋತ್ರು. ಅದರಲ್ಲಿ ಏಳು ಬಾಂಬೆ ಎದುರು.

ಬಾಂಬೆ ಯಾಕೆ ಗೆಲ್ತಿತ್ತು? ಅಲ್ಲಿ ಮಳೆಗಾಲದಲ್ಲೂ ಕಾಂಗಾ ಲೀಗ್ ನಡೀತಿತ್ತು, ಕ್ಲಬ್ಬು, ಕಚೇರಿ ತಂಡ, ಶಾಲಾ ತಂಡ ತುಂಬಿ ತುಳುಕ್ತಿದ್ವು. ಒಬ್ಬ ಹೋದ್ರೆ ಹಿಂದೆ ಸಾಲಿನಲ್ಲಿ ಹತ್ತು ಜನ ಇರ್ತಿದ್ರು. 1958-59ರಿಂದ 1972-73ರವರೆಗೆ ಸತತ ಹದಿನೈದು ಸಲ ರಣಜಿ ಗೆದ್ರು. ಕರೆಸಿದ ಮೂರು ನಾಲ್ಕು ದೊಡ್ಡ ಹೆಸರುಗಳು ಆ ಸಾಲನ್ನ ಮುರಿಯೋಕೆ ಸಾಕಾಗ್ಲಿಲ್ಲ.

ರಾಜಸ್ಥಾನ ಕೊನೆಗೂ ಗೆದ್ದದ್ದು 2010-11ರಲ್ಲಿ, ಮರುವರ್ಷ ಮತ್ತೆ. ಆಗಲೂ ಹೊರಗಿನವರು ಇದ್ರು: ನಾಯಕ ಹೃಷಿಕೇಶ್ ಕಾನಿಟ್ಕರ್, ಆಕಾಶ್ ಚೋಪ್ರಾ, ರಶ್ಮಿ ರಂಜನ್ ಪರಿಡಾ. ಅವರ ಜೊತೆಗೆ ಹದಿನೆಂಟರ ದೀಪಕ್ ಚಹರ್, ಮೊದಲ ಪಂದ್ಯದಲ್ಲೇ 10 ರನ್‌ಗೆ 8 ವಿಕೆಟ್ ಕಿತ್ತು ಹೈದರಾಬಾದನ್ನ 21ಕ್ಕೆ ಮುಗಿಸಿದ. ಅನುಭವ ಹೊರಗಿಂದ ಬಂತು, ಬಿಸಿರಕ್ತ ಒಳಗಿತ್ತು. ಎರಡೂ ಕೂಡಿದಾಗ ಕಪ್ಪು ಬಂತು.

ಭಾಗ 6/10: ಬಾಂಬೆ ಸಾಲು ಮುರಿದವರು

ಬಾಂಬೆಯ ಹದಿನೈದು ವರ್ಷದ ಸರಪಳಿ ಮುರಿದದ್ದು ಯಾರು? ಕರೆಸಿದ ಟೀಮಲ್ಲ. ಕರ್ನಾಟಕ.

1973ರ ನವೆಂಬರ್ 1ಕ್ಕೆ ನಮ್ಮ ರಾಜ್ಯದ ಹೆಸರು ಮೈಸೂರಿಂದ ಕರ್ನಾಟಕ ಆಯ್ತು. ಅದೇ 1973-74ರ ಋತುವಿನ ಸೆಮಿಫೈನಲ್, ಬೆಂಗಳೂರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆ 307ಕ್ಕೆ ಆಲೌಟ್. ಗಾವಸ್ಕರ್ ವಿಕೆಟ್ ಕಿತ್ತದ್ದು ನಾಯಕ ಪ್ರಸನ್ನ. ಮೊದಲ ಇನಿಂಗ್ಸ್ ಮುನ್ನಡೆಯಿಂದ ಫೈನಲ್. ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಮೊದಲ ರಣಜಿ ಟ್ರೋಫಿ.

ಈ ಟೀಮು ಹೆಂಗೆ ಕಟ್ಟಿದ್ದು ಅಂತ ನೋಡಿ. ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದ ಕುಳ್ಳ ಹುಡುಗ. 1967ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230. ಅಲ್ಲಿಂದ 1974ಕ್ಕೆ ಏಳು ವರ್ಷ. ಚಂದ್ರಶೇಖರ್, ಕಿರ್ಮಾನಿ ಇವರೆಲ್ಲ ಜೊತೆಜೊತೆಗೇ ಬೆಳೆದವರು.

ನನಗೆ ಇದರಲ್ಲಿ ಅತಿ ಇಷ್ಟ ಆದದ್ದು ಪ್ರಸನ್ನ ಅವರ ಕಥೆ, ಓದೋ ಹುಡುಗರು ಕೇಳಿಸ್ಕೊಳ್ಳಿ. 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿ ಬಂದ್ರು. ಆಮೇಲೆ ಎಂಜಿನಿಯರಿಂಗ್ ಮುಗಿಸ್ಬೇಕು ಅಂತ ಓದಿನ ಕಡೆ ತಿರುಗಿದ್ರು. ಅವರ ಮುಂದಿನ ಟೆಸ್ಟ್ 1967ರಲ್ಲಿ. ಹೆಚ್ಚುಕಡಿಮೆ ಐದು ವರ್ಷ ದೊಡ್ಡ ಆಟದಿಂದ ದೂರ. ವಾಪಸ್ ಬಂದಾಗ "ನಿನ್ನ ಜಾಗ ಹೋಯ್ತಪ್ಪ" ಅಂದಿದ್ರೆ 1974ರಲ್ಲಿ ನಾಯಕ ಯಾರಾಗಿರ್ತಿದ್ರೋ! ಆಟಗಾರನನ್ನ ಉಳಿಸ್ಕೊಳ್ಳೋದು ಅಂದ್ರೆ ಕಾಲು ಕಟ್ಟಿಹಾಕೋದು ಅಂತ ತಿಳಿಯೋರು ಬಹಳ. ಪ್ರಸನ್ನ ವಿಷಯದಲ್ಲಿ ಅದು ವಾಪಸ್ ಬಂದವನನ್ನ ಒಳಗೆ ಕರ್ಕೊಳ್ಳೋದಾಗಿತ್ತು.

ಅಲ್ಲಿಂದ 2014-15ರವರೆಗೆ ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ. ಬಹುಪಾಲು ನಮ್ಮದೇ ನೆಲದ ಹುಡುಗರ ಬಲದಿಂದ. ಇಷ್ಟು ಓದಿ ಖುಷಿಯಾಗಿ ಎದೆ ಉಬ್ಬಿಸ್ಕೊಂಡಿದ್ರೆ ಮುಂದಿನ ಕಂತಿಗೆ ತಯಾರಾಗಿ.

ಭಾಗ 7/10: ಐದು ರನ್

2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ರಣಜಿ ಸೆಮಿಫೈನಲ್. ಕರ್ನಾಟಕಕ್ಕೆ ನಾಯಕ ದಾವಣಗೆರೆಯ ವಿನಯ್ ಕುಮಾರ್, ನಮಗೆ ಹತ್ತಿರದ ಊರಿನವರು. 2013-14, 2014-15 ಎರಡು ವರ್ಷ ಬೆನ್ನುಬೆನ್ನಿಗೆ ಟ್ರೋಫಿ ತಂದುಕೊಟ್ಟ ನಾಯಕ. ಎದುರಿಗೆ ವಿದರ್ಭ. ಅಲ್ಲಿವರೆಗೆ ಒಂದು ಸಲವೂ ಫೈನಲ್ ಮುಖ ನೋಡದ ತಂಡ.

ವಿದರ್ಭ 185ಕ್ಕೆ ಔಟ್. ಕರ್ನಾಟಕ 301, ಅದರಲ್ಲಿ ಕರುಣ್ ನಾಯರ್ ಒಬ್ಬರದೇ 153. ನಾವು ಫೈನಲ್ ತಲುಪಿದಂಗೇ ಅಂದ್ಕೊಂಡಿದ್ದಾಗ ವಿದರ್ಭ ಎರಡನೇ ಇನಿಂಗ್ಸ್‌ನಲ್ಲಿ 313 ಹೊಡೀತು. ಆ ಇನಿಂಗ್ಸ್ ಹಿಡಿದು ನಿಲ್ಲಿಸಿದವರಲ್ಲಿ ಮುಖ್ಯ ಹೆಸರು ಗಣೇಶ್ ಸತೀಶ್. ಯಾರಿವರು? ನಮ್ಮ ಕರ್ನಾಟಕಕ್ಕೇ ಆಡ್ತಿದ್ದವರು, ಮೂರು ವರ್ಷ ಹಿಂದೆ ವಿದರ್ಭಕ್ಕೆ ಹೋದವರು. ಕರ್ನಾಟಕಕ್ಕೆ ಬೇಕಾದದ್ದು 198. ರಜನೀಶ್ ಗುರ್ಬಾನಿ 7 ವಿಕೆಟ್ ಕಿತ್ತ. 192ಕ್ಕೆ ಆಲೌಟ್. ಐದು ರನ್ ಸೋಲು.

ಆಮೇಲೆ ಫೈನಲ್‌ನಲ್ಲಿ ದೆಹಲಿಯನ್ನೂ ಸೋಲಿಸಿ ವಿದರ್ಭ ಮೊದಲ ಸಲ ಚಾಂಪಿಯನ್. ಆ ಫೈನಲ್ ನಡೆದ ಮೈದಾನ ಇಂದೋರಿನದು, ಹೆಸರು ಹೋಳ್ಕರ್ ಸ್ಟೇಡಿಯಂ. ಚರಿತ್ರೆಗೂ ಒಮ್ಮೊಮ್ಮೆ ತಮಾಷೆ ಬೇಕು.

ವಿದರ್ಭ ಮಾಡಿದ್ದನ್ನ ಗಮನಿಸಿ. ಹೊರಗಿನವರಲ್ಲಿ ಮುಖ್ಯರು: ಮುಂಬೈಯ ವಾಸಿಂ ಜಾಫರ್, ನಮ್ಮ ಸತೀಶ್. ಕೋಚ್ ಚಂದ್ರಕಾಂತ್ ಪಂಡಿತ್ ಕೂಡ ಹೊರಗಿನವರು. ನಾಯಕ ಫೈಜ್ ಫಜಲ್, ಗುರ್ಬಾನಿ, ವಾಡ್ಕರ್, ಆದಿತ್ಯ ಸರ್ವಟೆ, ವಖಾರೆ ಎಲ್ಲ ಅಲ್ಲಿನ ಹುಡುಗರು. ಹತ್ತು ಸ್ಟಾರ್‌ಗಳನ್ನ ಖರೀದಿ ಮಾಡೋ ಬದಲು ಇಬ್ಬರು ದೊಡ್ಡವರನ್ನ ಕರೆಸಿ, ಹುಡುಗರ ಮಧ್ಯೆ ವರ್ಷಗಟ್ಟಲೆ ಕೂರಿಸಿದ್ರು. ಮರುವರ್ಷವೂ ಟ್ರೋಫಿ ಅವರದೇ. ಆ ಋತುವಿನಲ್ಲಿ ನಲವತ್ತು ದಾಟಿದ ಜಾಫರ್ ಸಾವಿರ ರನ್ ದಾಟಿದ್ರು.

ಭಾಗ 8/10: ನಮ್ಮ ಬೆಂಚಿನ ಮೇಲೆ ಕೂತವನು

ಈಡನ್‌ನಲ್ಲಿ 153 ಹೊಡೆದೂ ಸೋತ ಆ ಕರುಣ್ ನಾಯರ್ ಕಥೆ ಈಗ.

2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಭಾರತದ ಪರ ಟೆಸ್ಟ್‌ನಲ್ಲಿ ಮುನ್ನೂರು ದಾಟಿದ್ದು ಸೆಹ್ವಾಗ್ ಬಿಟ್ರೆ ಇವರೇ. ಆದ್ರೆ 2017ರ ಮಾರ್ಚ್ ನಂತರ ಟೆಸ್ಟ್ ತಂಡದಲ್ಲಿ ಜಾಗ ಸಿಗ್ಲಿಲ್ಲ. 2022ಕ್ಕೆ ಕರ್ನಾಟಕ ತಂಡದಲ್ಲೂ ಜಾಗ ಹೋಯ್ತು. ಹಿಂದೆ ಇದೇ ತಂಡಕ್ಕೆ ನಾಯಕರಾಗಿದ್ದವರು. ಆ ಡಿಸೆಂಬರ್‌ನಲ್ಲಿ ಪ್ರೀತಿಯ ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಅನ್ನೋ ಅರ್ಥದ ಒಂದು ಟ್ವೀಟ್ ಹಾಕಿದ್ರು. ಎಲ್ಲರೂ ಶೇರ್ ಮಾಡಿದ್ವಿ, ಅಯ್ಯೋ ಪಾಪ ಅಂದ್ವಿ.

ನಮ್ಮ ರಾಜ್ಯದವರ ಕಡೆಯಿಂದ ನೋಡಿದ್ರೂ ಒಂದು ನ್ಯಾಯ ಇತ್ತು. ಪಡಿಕ್ಕಲ್, ಸ್ಮರಣ್ ತರದ ಹುಡುಗರು ಬಾಗಿಲಲ್ಲಿ ನಿಂತಿದ್ರು. ಆಡೋರು ಹನ್ನೊಂದೇ ಜನ. ಹಳಬನನ್ನ ಉಳಿಸಿದ್ರೆ ಹೊಸಬ ಹೋಗ್ತಾನೆ, ಹೊಸಬನನ್ನ ಆಡಿಸಿದ್ರೆ ಹಳಬ ಕೂರ್ತಾನೆ. ಪ್ರತಿಭೆ ಜಾಸ್ತಿ ಇರೋ ಮನೆಯ ಕಷ್ಟ ಇದು.

ನಮ್ಮ ದೇಶದಲ್ಲಿ ಆಟಗಾರ ರಾಜ್ಯ ಬದಲಿಸ್ಬೇಕು ಅಂದ್ರೆ ಹಳೇ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ, ಅದೇ ಎನ್‌ಒಸಿ, ತರಬೇಕು. 2023ರಲ್ಲಿ ಕರುಣ್ ಅದನ್ನ ತಗೊಂಡು ಹೋಗಿ ಸೇರಿದ್ದು ಯಾವ ತಂಡಕ್ಕೆ? ಐದು ರನ್‌ನಿಂದ ತಮ್ಮನ್ನ ಸೋಲಿಸಿದ್ದ ಅದೇ ವಿದರ್ಭಕ್ಕೆ.

ಇಲ್ಲಿ ಯಾರನ್ನಾದ್ರೂ ದ್ರೋಹಿ ಅಂತೀರಾ? ಬೆಂಚಿನ ಮೇಲೆ ಕೂತು ಮೂವತ್ತು ದಾಟಿದ ಆಟಗಾರನಿಗೆ ಆಡೋಕೆ ಒಂದು ಅಂಗಳ ಬೇಕಿತ್ತು. ನಮ್ಮ ಅಂಗಳದಲ್ಲಿ ಜಾಗ ಇರ್ಲಿಲ್ಲ. ಅವನು ಬಿಟ್ಟು ಹೋದ ಅನ್ನೋ ಮಾತಿಗೂ ಮೊದಲು, ನಾವು ಅವನಿಗೆ ಏನು ಇಟ್ಟಿದ್ವಿ ಅಂತ ಕೇಳ್ಬೇಕಾಗುತ್ತೆ.

ಭಾಗ 9/10: ಎರಡು ಫೈನಲ್, ಎರಡು ಉತ್ತರ

2025 ಒಂದೇ ವರ್ಷದಲ್ಲಿ ಎರಡು ಫೈನಲ್ ನಡೆದ್ವು. ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಮೊದಲನೆಯದು ಜನವರಿ 18, ವಡೋದರಾ, ವಿಜಯ್ ಹಜಾರೆ ಟ್ರೋಫಿ. ವಿದರ್ಭ ನಾಯಕ ಕರುಣ್. ಆ ಟೂರ್ನಿಯಲ್ಲಿ ಐದು ಶತಕ, 779 ರನ್, ಸರಾಸರಿ 389.5. ತಪ್ಪು ಓದ್ಲಿಲ್ಲ ನೀವು. ಎದುರಿಗೆ ಕರ್ನಾಟಕ, ನಾಯಕ ಮಯಾಂಕ್ ಅಗರ್ವಾಲ್. ಯಾವ ಹುಡುಗರಿಗೆ ಜಾಗ ಕೊಡೋಕೆ ಹಳಬರು ಸರಿದಿದ್ರೋ ಅವರಲ್ಲೊಬ್ಬ ಸ್ಮರಣ್ ಆ ದಿನ 101 ಹೊಡೆದ. ಕರ್ನಾಟಕ 348. ಕರುಣ್ 27ಕ್ಕೆ ಪ್ರಸಿದ್ಧ್ ಕೃಷ್ಣ ಎಸೆತದಲ್ಲಿ ಬೌಲ್ಡ್. ನಾವು 36 ರನ್‌ನಿಂದ ಗೆದ್ವಿ. ಉಳಿಸಿ ಬೆಳೆಸಿದವರ ಉತ್ತರ ಇದು.

ಎರಡನೆಯದು ಮಾರ್ಚ್ 2ಕ್ಕೆ ಮುಗಿದ ರಣಜಿ ಫೈನಲ್, ನಾಗಪುರ. ವಿದರ್ಭ ವಿರುದ್ಧ ಕೇರಳ. ಕರುಣ್ 86 ಮತ್ತು 135. ವಿದರ್ಭಕ್ಕೆ ಮೂರನೇ ಟ್ರೋಫಿ. ಕರೆಸಿದವನ ಉತ್ತರ ಅದು ಅಂತ ಬರೀಬಹುದಿತ್ತು, ಆದ್ರೆ ಅದೇ ಪಂದ್ಯದಲ್ಲಿ 153 ಹೊಡೆದದ್ದು ಅಲ್ಲಿನ ಹುಡುಗ ದಾನಿಶ್ ಮಾಲೇವಾರ್. ಆ ಋತುವಿನಲ್ಲಿ 69 ವಿಕೆಟ್ ಕಿತ್ತು ರಣಜಿ ದಾಖಲೆ ಬರೆದದ್ದು ಅಲ್ಲಿನವನೇ ಆದ ಹರ್ಷ್ ದುಬೆ.

ಇನ್ನೂ ಒಂದು ವಿಷಯ ಕೇಳಿ. ಕೇರಳದ ಪರ ಆ ಫೈನಲ್‌ನಲ್ಲಿ 79 ಹೊಡೆದು ವಿದರ್ಭವನ್ನ ಕಾಡಿದ್ದು ಆದಿತ್ಯ ಸರ್ವಟೆ. 2017ರಲ್ಲಿ ನಮ್ಮನ್ನ ಸೋಲಿಸಿದ ವಿದರ್ಭದ ಹುಡುಗ, ಆ ವರ್ಷ ಕೇರಳಕ್ಕೆ ಹೋಗಿದ್ದ. ಕರೆಸೋ ಊರಿನಿಂದಲೂ ಹೋಗ್ತಾರೆ.

ನಮ್ಮವರೂ ಹೋಗಿದಾರೆ. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ. ವಿನಯ್ ಕುಮಾರ್ ಪುದುಚೇರಿಗೆ. ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ವಾಪಸ್ ಬಂದ್ರು. ಕರುಣ್ ಎಂಟು ವರ್ಷದ ನಂತರ 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ಟೋಪಿ ಹಾಕ್ಕೊಂಡ್ರು. ಆಮೇಲೆ ಎಲ್ಲಿಗೆ ಬಂದ್ರು? ಮನೆಗೆ. 2025-26ರಿಂದ ಮತ್ತೆ ಕರ್ನಾಟಕ. ಪ್ರಸನ್ನ ಅವರಿಗೆ ತೆರೆದಿದ್ದ ಬಾಗಿಲು ಕರುಣ್‌ಗೂ ತೆರೀತು.

ಭಾಗ 10/10: ಹಂಗಾದ್ರೆ ನಮ್ಮ ಟೀಮು?

ಇಷ್ಟು ಚರಿತ್ರೆ ಓದಿದ ಮೇಲೆ ನನಗೆ ಅನಿಸಿದ್ದನ್ನ ನೇರವಾಗಿ ಹೇಳ್ತೀನಿ. ಉಳಿಸೋದು ಒಳ್ಳೇದು, ಕರೆಸೋದು ಕೆಟ್ಟದ್ದು ಅನ್ನೋ ಲೆಕ್ಕ ಸರಿ ಬರಲ್ಲ. ಹೊರಗಿನವನು ಬಂದಾಗ ಊರಿನ ಹುಡುಗ ಏನು ಕಲಿತ, ಊರಿನವನು ಹೊರಟಾಗ ಅವನಿಗೆ ಆಡೋಕೆ ಜಾಗ ಇತ್ತಾ, ಈ ಎರಡು ಪ್ರಶ್ನೆಯಲ್ಲೇ ಎಲ್ಲ ಐತೆ.

ರಾಯದುರ್ಗದಿಂದ ಬರೋ ಬೌಲರ್ ಫೈನಲ್ ದಿನ ಮಾತ್ರ ಬಂದು, ಸಾವಿರ ರೂಪಾಯಿ ತಗೊಂಡು ಹೋದ್ರೆ ಕಪ್ಪು ಸಿಗಬಹುದು. ಊರಲ್ಲಿ ಬೌಲಿಂಗ್ ಮಾಡೋಕೆ ಕಾದು ಕೂತ ಹುಡುಗನಿಗೆ ಏನೂ ಸಿಗಲ್ಲ. ಅದೇ ಬೌಲರ್ ಎರಡು ತಿಂಗಳು ಸಂಜೆ ಪ್ರಾಕ್ಟೀಸಿಗೆ ಬಂದು ನಾಲ್ಕು ಹುಡುಗರಿಗೆ ಯಾರ್ಕರ್ ಕಲಿಸಿದ್ರೆ, ಪೋಸ್ಟರಿನ ಕೊನೇ ಸಾಲನ್ನ ನಾನೇ ಅಳಿಸ್ತೀನಿ.

ಕಾಲೇಜು ಬಿಟ್ಟು ಹೋದ ಗೆಳೆಯನ ವಿಷಯ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿರ್ಲಿ, ಆಟಗಾರರನ್ನ ದತ್ತು ತಗೊಂಡು ಓದಿಸೋ ಮೂಡಬಿದಿರೆಯ ಆಳ್ವಾಸ್ ತರದ ಸಂಸ್ಥೆಗಳಿರ್ಲಿ, ನಮ್ಮಂಥ ಊರಿನ ಹುಡುಗರಿಗೆ ಅಲ್ಲಿ ಸಿಗೋ ಕೋರ್ಟು, ಕೋಚು, ಊಟ ಇಲ್ಲಿ ಸಿಗ್ತಿಲ್ಲ. ರಿಂಗಿಗೆ ನೆಟ್ ಇಲ್ಲದ ಕೋರ್ಟಲ್ಲಿ ನಿಂತ್ಕೊಂಡು "ಕೈ ಕೊಟ್ಟ" ಅನ್ನೋಕೆ ನಮಗೆ ಬಾಯಿ ಬರಬಾರದು. ರಜೆಗೆ ಬಂದಾಗ ಕೋರ್ಟಿಗೆ ಕರೀರಿ. ಅಲ್ಲಿ ಕಲಿತ ಎರಡು ಡ್ರಿಲ್ ಜೂನಿಯರ್‌ಗಳಿಗೆ ಹೇಳಿಕೊಡ್ಲಿ. ಅಷ್ಟಾದ್ರೆ ಅವನು ಹೋಗಿಯೂ ಉಳಿದಂಗೆ.

ಕೊನೇದಾಗಿ, ಯಾವ ಪೋರ್ಟಲ್ಲಿನಲ್ಲೂ ಹೆಸರು ಬರದ ಆಟಗಾರರು ನಮ್ಮಲ್ಲಿದಾರೆ. ಹೈಸ್ಕೂಲಲ್ಲಿ ಖೋ ಖೋ, ಕಬಡ್ಡಿ, ಥ್ರೋಬಾಲ್ ಆಡಿ ತಾಲ್ಲೂಕು ಗೆದ್ದ ನಮ್ಮ ಹುಡುಗಿಯರು. ಅವರನ್ನ ಯಾವ ಟೀಮೂ ಕರೆಸ್ಕೊಂಡಿಲ್ಲ, ಯಾವ ಟೀಮಿಗೂ ಅವರು ಹೋಗಿಲ್ಲ. ಪಿಯುಗೆ ಬರ್ತಿದ್ದಂಗೆ ಸುಮ್ನೆ ಆಟ ನಿಂತುಹೋಯ್ತು. ಬಸ್ಸಿನ ಟೈಮು, ಮನೆ ಕೆಲಸ, "ಇನ್ನು ಸಾಕು ಬಿಡಮ್ಮ" ಅನ್ನೋ ಒಂದು ಮಾತು. ಬಿಟ್ಟು ಹೋದ ಹುಡುಗರ ಬಗ್ಗೆ ಇಷ್ಟು ಜಗಳ ಆಡೋ ನಾವು ಇವರ ಬಗ್ಗೆ ಒಂದು ಸಲವೂ ಜಗಳ ಆಡಿಲ್ಲ. ಉಳಿಸ್ಕೊಳ್ಳೋದು ಶುರು ಮಾಡೋದಾದ್ರೆ ಇಲ್ಲಿಂದ ಮಾಡ್ಬಹುದು.

ನಿಮ್ಮ ಕ್ಲಾಸಿನಲ್ಲಿ ಹಿಂಗೆ ಆಟ ನಿಲ್ಲಿಸಿದವರು ಯಾರಾದ್ರೂ ಇದ್ರೆ, ಅವರ ಹೆಸರು ಕಾಮೆಂಟಲ್ಲಿ ಹಾಕಬೇಡಿ. ನಾಳೆ ಸಂಜೆ ಕೋರ್ಟಿಗೆ ಕರ್ಕೊಂಡ್ಬನ್ನಿ.

#ಚಳ್ಳಕೆರೆ #ಮೊಳಕಾಲ್ಮುರು #ರಣಜಿಕಥೆ #ಬ್ಯಾಸ್ಕೆಟ್‌ಬಾಲ್ #ನಮ್ಮಟೀಮು